ಅವ್ವನ ಟ್ಯಾಂಕ್ ಆಟ

ಮದ್ದೂರಿನಲ್ಲಿ ನನ್ನದು ಟಿವಿ ರಿಪೇರಿ ಅಂಗಡಿ. ನಿಡಘಟ್ಟದ ಹೆಂಗಸೊಬ್ಬರು ಕ್ಯಾಸೆಟ್ ಹಾಕುವ ಹಳೇ ವಿಡಿಯೋ ಗೇಮ್ ತಂದರು. ಹೊಸದು ತಗೊಳ್ಳಿ ಎಂದೆ.

"ಒಸದು ನಮ್ಮವ್ವಂಗೆ ಬರಾಕಿಲ್ಲ ಕಣಣ್ಣ. ಲಕ್ವ ಒಡ್ದೈತೆ. ಬೆರಳಾಡ್ಸು ಅಂತ ಡಾಕ್ಟ್ರು ಕೊಟ್ಟ ಚೆಂಡ ಬಿಸಾಕ್ಬುಟ್ಲು. ನಾವು ಚಿಕ್ಕೋರಾಗಿದ್ದಾಗ ಈ ಟ್ಯಾಂಕ್ ಆಟ್ದಲ್ಲಿ ಅವಳೇ ಗೆಲ್ತಿದ್ಲು."

ರಿಪೇರಿ ಮಾಡಿ, ಅವರ ಮನೆಗೇ ಹೋಗಿ ಟಿವಿಗೆ ಜೋಡಿಸಿದೆ. ಅಜ್ಜಿ ಎಡಗೈಯಿಂದ ಬಲಗೈಯನ್ನೆತ್ತಿ ಆಟದ ರಿಮೋಟಿನ ಮೇಲಿಟ್ಟುಕೊಂಡರು. ಹೆಬ್ಬೆರಳು ಅಲ್ಲಾಡಲಿಲ್ಲ. ಅವರ ಟ್ಯಾಂಕು ನಿಂತಲ್ಲೇ ಸುಟ್ಟುಹೋಯಿತು. ಮಗಳು ಮುಖ ತಿರುಗಿಸಿದರು.

ಅಜ್ಜಿ ನನ್ನನ್ನು ಗದರಿದರು: "ಸುಮ್ನೆ ಯಾಕ್ಲಾ ನಿಂತಿದ್ದೀಯ? ನೀನೂ ಒಂದು ರಿಮೋಟು ಇಡ್ಕೊ."

ನಾಲ್ಕನೇ ಆಟದಲ್ಲಿ ಹೆಬ್ಬೆರಳು ಸ್ವಲ್ಪ ಒತ್ತಿತು. ಗುಂಡು ಹಾರಿ ನನ್ನ ಟ್ಯಾಂಕಿಗೇ ಬಡಿಯಿತು. ಅಜ್ಜಿ ನಕ್ಕರು.

"ಬೇಕಂತ್ಲೇ ಅಡ್ಡ ನಿಂತ್ರಿ, ಅಲ್ವಾ?" ಎಂದು, ನಾನು ಹೊರಟಾಗ ಮಗಳು ಬಾಗಿಲಲ್ಲಿ ಕಣ್ಣೊರೆಸಿಕೊಂಡರು.

ಹೌದೆಂದೆ. ನಿಜಕ್ಕೂ ನನಗೆ ಟ್ಯಾಂಕು ತಿರುಗಿಸೋದೇ ಗೊತ್ತಾಗಿರಲಿಲ್ಲ.