ಬೆನ್ನಿಗೆ ಅಂಟಿಸಿದ ಹಾಳೆ

ನಮ್ಮ ಚಿಕ್ಕಪ್ಪನನ್ನು ಎಲ್ಲರೂ ಕರೆಯುತ್ತಿದ್ದದ್ದು ಗೋಂದಪ್ಪ ಎಂದೇ. ಪುಸ್ತಕಕ್ಕೆ ರಟ್ಟು ಕಟ್ಟುವುದು ಅವನ ಕಸುಬು. ಅವನ ದೊಡ್ಡ ಗುಣವೂ ದೊಡ್ಡ ಪೀಡೆಯೂ ಒಂದೇ: ಯಾವ ಕಾಗದವನ್ನೂ ಎಸೆಯುತ್ತಿರಲಿಲ್ಲ. ಅಚ್ಚು ಕೆಟ್ಟ ಹಾಳೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬೇರೆ ಪುಸ್ತಕದ ಬೆನ್ನಿಗೆ, ರಟ್ಟಿನ ಒಳಗೆ ಅಂಟಿಸುತ್ತಿದ್ದ. ಹೊಲಿಗೆ ಗಟ್ಟಿಯಾಗುತ್ತದೆ, ಕಾಗದವೂ ದಂಡವಾಗುವುದಿಲ್ಲ ಎನ್ನುತ್ತಿದ್ದ. ಪಕ್ಕದಲ್ಲಿ ಕೂತು ಹಾಳೆ ಮಡಚುತ್ತಿದ್ದ ನನಗೆ ಈ ಜಿಪುಣತನ ಕಂಡರೆ ಮೈ ಉರಿಯುತ್ತಿತ್ತು.

ಒಂದು ಸಲ ನಮ್ಮೂರ ಮೇಷ್ಟ್ರೊಬ್ಬರು ಮತ್ತು ಅವರ ಭಾವ ಸೇರಿ ದೇವರ ಹೆಸರಿನ ಬಗ್ಗೆ ಬರೆದ ಪುಸ್ತಕ ರಟ್ಟು ಕಟ್ಟಲು ನಮ್ಮಲ್ಲಿಗೆ ಬಂತು. 'ಸೇರಿ' ಎಂಬುದು ಮುಖಪುಟದ ಮಾತು, ಅಷ್ಟೆ. ಇಬ್ಬರೂ ಹೀಬ್ರೂ ಅರೆದು ಕುಡಿದ ಯೆಹೂದ್ಯರು. ಅವರ ಧರ್ಮಗ್ರಂಥದಲ್ಲಿ ದೇವರ ಹೆಸರು ಬರೀ ನಾಲ್ಕು ಅಕ್ಷರ. ಭಯಭಕ್ತಿಯಿಂದ ಜನ ಅದನ್ನು ಉಚ್ಚರಿಸುವುದನ್ನೇ ಬಿಟ್ಟು, ಆ ಜಾಗದಲ್ಲಿ 'ಒಡೆಯ' ಎಂದು ಓದಿಕೊಂಡು ಬಂದರು. ಹಾಗಾಗಿ ಅದನ್ನು ಹೇಗೆ ಹೇಳಬೇಕೆಂದು ಈಗ ಯಾರಿಗೂ ಖಚಿತವಿಲ್ಲ. 'ಇರು' ಎಂಬ ಧಾತುವಿನಿಂದ ಬಂದ ಹೆಸರದು ಎಂದು ಮೇಷ್ಟ್ರು. ದಕ್ಷಿಣದ ಮರಳುಗಾಡಿನ ಕುರಿಗಾಹಿಗಳಿಂದ ಬಂದದ್ದು ಎಂದು ಭಾವ. 'ಯೆಹೋವ' ಎಂದು ಬರೆದರೆ ಮೇಷ್ಟ್ರಿಗೆ ಕೋಪ, ಆ ಅಕ್ಷರಗಳಿಗೆ ಬೇರೆ ಪದದ ಸ್ವರ ತೊಡಿಸಿದ್ದಾರಂತೆ. 'ಯಾಹ್ವೆ' ಎಂದು ಬರೆದರೆ ಭಾವನಿಗೆ ಕೋಪ, ಅದು ಬರೀ ಊಹೆಯಂತೆ. ಮಜಾ ಏನೆಂದರೆ, ಇಬ್ಬರೂ ಆ ಹೆಸರನ್ನು ಬಾಯಲ್ಲಿ ಆಡುವವರಲ್ಲ. ಉಚ್ಚಾರಣೆಯ ಜಗಳವನ್ನು ಉಚ್ಚರಿಸದೆಯೇ, ಪೆನ್ಸಿಲ್ಲಿನಿಂದ ಹಾಳೆ ಕುಟ್ಟಿ ಕುಟ್ಟಿ ಆಡುತ್ತಿದ್ದರು. ಪ್ರತಿ ಜಗಳಕ್ಕೂ ಅಚ್ಚಾದ ಹಾಳೆಗಳು ರದ್ದಾಗುತ್ತಿದ್ದವು.

ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಆ ಹೆಸರಿರುವ ಕಾಗದವನ್ನು ಹರಿಯಬಾರದು, ಎಸೆಯಬಾರದು. ಸವೆದುಹೋದ ಧರ್ಮಗ್ರಂಥಗಳ ಜೊತೆ ಅದನ್ನೂ ತಮ್ಮ ಸ್ಮಶಾನದಲ್ಲಿ ಹೂಳಬೇಕು.

"ಕೆಟ್ಟ ಹಾಳೆ ಒಂದೂ ಬಿಡದ ಹಾಗೆ ವಾಪಸ್ ಕೊಡ್ತೀರಾ?" ಎಂದು ಮೇಷ್ಟ್ರು ಕೇಳಿದ್ದರು.

"ಕೊಡ್ತೀನಿ ಮೇಷ್ಟ್ರೇ. ನನ್ನ ಮಾತಿದು," ಎಂದಿದ್ದ ಚಿಕ್ಕಪ್ಪ.

ಹೂಳುವ ದಿನಕ್ಕೆ ಎರಡು ದಿನ ಮುಂಚೆ ಚಿಕ್ಕಪ್ಪ ಆ ಕೆಟ್ಟ ಹಾಳೆಗಳ ಕಟ್ಟನ್ನು ಎಣಿಸಿದ. ಅಚ್ಚುಮನೆಯ ಚೀಟಿಯಲ್ಲಿ ಐವತ್ಮೂರು, ಕಟ್ಟಿನಲ್ಲಿ ಐವತ್ತೆರಡು. ಮತ್ತೆ ಎಣಿಸಿದ. ಆಮೇಲೆ ತನ್ನ ಕೈಗಳನ್ನೇ ನೋಡುತ್ತ ನಿಂತುಬಿಟ್ಟ. ಆ ವಾರ ಅವನು ಕಟ್ಟಿದ್ದ ಬೇರೆ ಪುಸ್ತಕ ಒಂದೇ, ಗ್ರಂಥಾಲಯದ ದಪ್ಪ ನಿಘಂಟು. ಅದರ ಬೆನ್ನಿಗೆ ಕೈಗೆ ಸಿಕ್ಕಿದ ಹಾಳೆಯನ್ನು ಕತ್ತರಿಸಿ ಹಾಕಿದ್ದ.

"ಇನ್ನೂ ಉಳಿಸು ಕಾಗದ, ಉಳಿಸು!" ಎಂದು ನಾನು ಹರಿಹಾಯ್ದೆ. ಅವನು ಆಗಲೇ ಚಪ್ಪಲಿ ಮೆಟ್ಟಿ ಗ್ರಂಥಾಲಯದ ಕಡೆ ಹೊರಟಿದ್ದ.

ಗ್ರಂಥಾಲಯದ ಮೇಡಂ ಗೊಣಗಿದರು. "ಮೊನ್ನೆ ತಾನೇ ಕಟ್ಟಿ ಕೊಟ್ರಿ, ಇವತ್ತು ಬಿಚ್ತೀನಿ ಅಂತೀರಲ್ಲ!" ಹೇಗೋ ಕಾಡಿ ಬೇಡಿ ತಂದ. ಒದ್ದೆ ಬಟ್ಟೆ ಇಟ್ಟು, ಅಂಟು ನೆನೆದ ಮೇಲೆ, ಗಾಯದ ಪಟ್ಟಿ ಬಿಚ್ಚುವ ಹಾಗೆ ಮೆಲ್ಲಗೆ ಎಬ್ಬಿಸಿದ. ಮೂರು ಪಟ್ಟಿ ಬಂದವು. ಮೇಜಿನ ಮೇಲೆ ಜೋಡಿಸಿದರೆ, ಕತ್ತಿ ಆ ಹೆಸರಿನ ನಟ್ಟನಡುವೆಯೇ ಹೋಗಿತ್ತು. ಎರಡಕ್ಷರ ಈ ಕಡೆ, ಎರಡಕ್ಷರ ಆ ಕಡೆ. ಚಿಕ್ಕಪ್ಪ ತಲೆಯ ಮೇಲೆ ಕೈಹೊತ್ತು ಕೂತ.

"ಪಟ್ಟಿಗಳನ್ನ ಕಟ್ಟಿನ ಮಧ್ಯ ಸೇರಿಸಿ ಕೊಟ್ಬಿಡು. ಹೂಳೋ ಕಾಗದ, ಯಾರು ಬಿಚ್ಚಿ ನೋಡ್ತಾರೆ?" ಎಂದೆ.

"ನಾನು ನೋಡಿದ್ದೀನಲ್ಲ," ಎಂದ.

ಮೇಷ್ಟ್ರ ಮನೆಗೆ ಹೋದಾಗ ಭಾವನೂ ಅಲ್ಲೇ ಇದ್ದರು, ಕೊನೆಯ ಅಧ್ಯಾಯದ ಬಗ್ಗೆ ಜಗಳ ನಡೆದಿತ್ತು. ಚಿಕ್ಕಪ್ಪ ಪಟ್ಟಿಗಳನ್ನು ಮುಂದಿಟ್ಟು, ನಡೆದದ್ದನ್ನು ತೊದಲುತ್ತ ಹೇಳಿದ. ಇಬ್ಬರೂ ಪಟ್ಟಿಗಳ ಮೇಲೆ ಬಗ್ಗಿದರು.

"ಕತ್ತರಿಸುವಾಗ ಗೊತ್ತಿತ್ತಾ?" ಎಂದು ಮೇಷ್ಟ್ರು ಕೇಳಿದರು.

"ಇಲ್ಲ. ನೋಡ್ಲೇ ಇಲ್ಲ. ಅದೇ ನನ್ನ ತಪ್ಪು. ಇನ್ಮೇಲೆ ನಿಮ್ಮ ಕೆಲಸ ಬೇರೆಯವರಿಗೆ ಕೊಡಿ."

ಭಾವ ತಲೆಯೆತ್ತಿದರು. "ಕೈತಪ್ಪೇ ಆಗದ ಜನ ನಾವಾಗಿದ್ರೆ, ನಮಗೆ ಹೂಳೋ ಗುಂಡಿ ಯಾಕೆ ಬೇಕಿತ್ತು ಗೋಂದಪ್ಪನೋರೇ? ಧರ್ಮಗ್ರಂಥ ಕೈಯಾರೆ ನಕಲು ಮಾಡೋದೇ ಕಸುಬಾದವರ ಕೆಟ್ಟ ಹಾಳೆಗಳೂ ಅಲ್ಲಿಗೇ ಹೋಗ್ತವೆ."

"ಇದೊಂದು ಮಾತು ನೀವು ಸರಿಯಾಗಿ ಹೇಳಿದ್ರಿ ಭಾವ," ಎಂದರು ಮೇಷ್ಟ್ರು.

ಚಿಕ್ಕಪ್ಪ, ಹೋದ ಜೀವ ಬಂದಂತಾಗಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ. ಮುಚ್ಚಿಡು ಎಂದು ಹೇಳಿಕೊಟ್ಟವಳು ನಾನೇ ಎಂದು ನೆನೆದು ನನಗೆ ನಾಚಿಕೆಯಾಯಿತು.

ಹೂಳುವ ದಿನ ನಮ್ಮಿಬ್ಬರನ್ನೂ ಕರೆದರು. ಗುಂಡಿಯ ಪಕ್ಕದಲ್ಲಿ ಮೇಷ್ಟ್ರು ಕಟ್ಟನ್ನು ಚಿಕ್ಕಪ್ಪನ ಕೈಗೇ ಕೊಟ್ಟು, ಇಳಿಸಿ ಎಂದರು.

ಅವನು ಹಿಂಜರಿದ. "ಮುಂಚೆ ಒಂದ್ಸಲ ಎಣಿಸಿಬಿಡಿ ಮೇಷ್ಟ್ರೇ."

"ಯಾಕೆ? ತಂದವರು ನೀವಲ್ವಾ," ಎಂದರು ಮೇಷ್ಟ್ರು.