ಫ್ಲಾವಿಯಾ ಮಿನೇಜಸ್ ಉರುಫ್ ಮಾಮಾ ಗ್ಲೋರಿಯಾ

ಪಂಗಾನಿಯ ಒಳರಸ್ತೆಯೊಂದರ ತಿರುವಿನಲ್ಲಿರುವ ಆ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಬಣ್ಣದ ದಪ್ಪ ಅಕ್ಷರಗಳಲ್ಲಿ ಒಂದು ಸಾಲು ಬರೆದಿತ್ತು: 'ಈ ಮನೆ ಮಾರಾಟಕ್ಕಿಲ್ಲ'. ನೈರೋಬಿಯಲ್ಲಿ ಇಂಥ ಗೋಡೆಗಳು ಅಪರೂಪವಲ್ಲ. ಮಾಲೀಕರು ಊರಲ್ಲಿಲ್ಲದ ಹೊತ್ತು ನೋಡಿ, ಬೇರೆ ಯಾರನ್ನೋ ಮಾಲೀಕರೆಂದು ನಿಲ್ಲಿಸಿ ಮನೆ ಮಾರಿಬಿಡುವವರು ಇದ್ದಾರೆ. ಕೊಳ್ಳಲು ಬಂದವರ ಕಣ್ಣಿಗೆ ಬೀಳಲೆಂದು ಜನ ಗೋಡೆಯ ಮೇಲೆಯೇ ಬರೆಸಿಡುತ್ತಾರೆ. ಈ ಸಾಲನ್ನು ಬರೆಸಿದವರು ಫ್ಲಾವಿಯಾ ಮಿನೇಜಸ್. ಈಗ ಮನೆಯನ್ನು ಮಾರಲು ಹೊರಟವರೂ ಅವರೇ.

ಫ್ಲಾವಿಯಾ ಉಡುಪಿ ಕಡೆಯ ಶಿರ್ವದವರು. ಮದುವೆಯಾಗಿ ನೈರೋಬಿಗೆ ಬಂದರು. ಗಂಡ ಪಿಯುಸ್ ದಂತವೈದ್ಯರು, ಎನ್‌ಗಾರಾದಲ್ಲಿ ಕ್ಲಿನಿಕ್ ಇತ್ತು. ಫ್ಲಾವಿಯಾ ನಗರದ ಇನ್ನೊಂದು ಮಗ್ಗುಲಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದರು. ಪಂಗಾನಿಯ ಮನೆಯನ್ನು ಪಿಯುಸ್ ಹೆಂಡತಿಯ ಹೆಸರಿನಲ್ಲೇ ಕೊಂಡರು. "ಹಲ್ಲು ಕೀಳುವವನ ಹೆಸರಲ್ಲಿ ಮನೆ ಇದ್ದರೆ ನೆಂಟರು ಬರ್ಲಿಕ್ಕಿಲ್ಲ" ಎಂಬುದು ಅವರು ಕೊಟ್ಟ ಕಾರಣ.

ಶಾಲೆಯಲ್ಲಿ ಅವರು ಮಿಸೆಸ್ ಮಿನೇಜಸ್. ಚರ್ಚಿನಲ್ಲಿ ಡಾಕ್ಟರ ಹೆಂಡತಿ. ಬೀದಿಯಲ್ಲಿ ಮಾಮಾ ಗ್ಲೋರಿಯಾ. ಮಾಮಾ ಎಂದರೆ ಇಲ್ಲಿ ಅಮ್ಮ. ಹೆಂಗಸಿಗೆ ಮೊದಲ ಮಗು ಹುಟ್ಟಿದ ಮೇಲೆ ಬೀದಿ ಅವಳನ್ನು ಆ ಮಗುವಿನ ಹೆಸರಿನಿಂದಲೇ ಕರೆಯುತ್ತದೆ. ಫ್ಲಾವಿಯಾಗೆ ಇದು ವಿಚಿತ್ರವೆನಿಸಲಿಲ್ಲ. ಶಿರ್ವದ ನೆರೆಮನೆಯವರಿಗೂ ಅವರ ತಾಯಿ ಕೊನೆಯವರೆಗೆ 'ಫ್ಲಾವಿಯಾನ ಅಮ್ಮ' ಆಗಿಯೇ ಇದ್ದರು. ಹಾಗಾಗಿ ತನ್ನ ಹೆಸರು ಇಂಥದ್ದು ಎಂದು ಯಾರಿಗೂ ಹೇಳುವ ಅಗತ್ಯ ಬಿದ್ದಿರಲಿಲ್ಲ. ಫ್ಲಾವಿಯಾ ಎಂಬ ಹೆಸರು ಕಾಗದಗಳ ಮೇಲೆ ಇತ್ತು, ಪಿಯುಸ್ ಬಾಯಲ್ಲಿ ಇತ್ತು. ಪಿಯುಸ್ ತೀರಿಕೊಂಡ ಮೇಲೆ ಕಾಗದಗಳ ಮೇಲಷ್ಟೇ ಉಳಿಯಿತು.

ಕೆಲವು ವರ್ಷಗಳ ಹಿಂದೆ ಅವರು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿಗೆ ಹೋಗಿದ್ದರು. ಆ ಹೊತ್ತಿನಲ್ಲಿ ದಲ್ಲಾಳಿಯೊಬ್ಬ ಗಿರಾಕಿಯನ್ನು ಕರೆದುಕೊಂಡು ಮನೆಯ ಮುಂದೆ ಬಂದ. ಜೊತೆಯಲ್ಲಿ ಸೀರೆಯುಟ್ಟ ಒಬ್ಬ ಹೆಂಗಸು. ಇವರೇ ಮಾಲೀಕರು ಎಂದ. ಆಕೆಯ ಬಳಿ ಫ್ಲಾವಿಯಾ ಹೆಸರಿನ ಗುರುತಿನ ಚೀಟಿ ಇತ್ತು, ಹಕ್ಕುಪತ್ರದ ನಕಲೂ ಇತ್ತು. ಎದುರಿನ ಮರದಡಿ ಸೊಪ್ಪು, ತರಕಾರಿ ಮಾರುವ ಮಾಮಾ ವಂಬುಯಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆ ಗೇಟಿನ ಒಂದು ಮಗ್ಗುಲು ಕುಸಿದಿದೆ. ಎತ್ತಿ ಹಿಡಿದು ಸೊಂಟದಿಂದ ತಳ್ಳಬೇಕು. ಸೀರೆಯಾಕೆ ಎಳೆದಳು, ನೂಕಿದಳು, ಗೇಟು ಜಗ್ಗಲಿಲ್ಲ.

"ಮಾಲಕಿಯಂತೆ! ತನ್ನ ಮನೆಯೊಳಗೆ ಹೋಗಲು ಬಾರದ ಮಾಲಕಿ!" ಎಂದು ಮಾಮಾ ವಂಬುಯಿ ಇಡೀ ಬೀದಿಗೆ ಕೇಳುವಂತೆ ಕೂಗಿ, ಗ್ಲೋರಿಯಾಗೆ ಫೋನ್ ಮಾಡಿದಳು. ದಲ್ಲಾಳಿಯೂ ಹೆಂಗಸೂ ಕಾರು ಹತ್ತಿ ಹೋದರು. ಅವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ; ಕಾಗದಗಳ ವಿಷಯ ಗ್ಲೋರಿಯಾಗೆ ತಿಳಿದದ್ದು ಹಿಂದೆ ಉಳಿದ ಗಿರಾಕಿಯಿಂದ.

ಹಿಂತಿರುಗಿದ ಫ್ಲಾವಿಯಾ ಒಂದೊಂದೇ ಬಾಗಿಲು ಹಾಕುತ್ತ ಹೋದರು. ನಡೆದದ್ದನ್ನು ವಿವರಿಸಿ, ತನ್ನನ್ನು ಕೇಳದೆ ಮನೆಯ ವ್ಯವಹಾರ ನಡೆಯಬಾರದೆಂದು ಭೂದಾಖಲೆ ಕಚೇರಿಯಲ್ಲಿ ತಡೆ ಹಾಕಿಸಿದರು. ಗೋಡೆಯ ಮೇಲೆ ಬರೆಸಿದರು. ಗೇಟಿನಲ್ಲಿದ್ದ, ಗಂಡನ ಹೆಸರಿನ ಫಲಕವನ್ನು ಕಳಚಿಸಿದರು. ಕೊನೆಗೆ ಬೀದಿಯವರಿಗೆಲ್ಲ ಒಂದು ಪಾಠ ಹೇಳಿಕೊಟ್ಟರು: ಮಾಲೀಕರ ಬಗ್ಗೆ ಯಾರು ಬಂದು ಏನು ಕೇಳಿದರೂ, ಎಷ್ಟೇ ಮರ್ಯಾದಸ್ಥರಂತೆ ಕಂಡರೂ, ಗೊತ್ತಿಲ್ಲ ಅನ್ನಿ. ಮಕ್ಕಳಿಗೆ ಮಗ್ಗಿ ಕಲಿಸಿದವರು. ಎಲ್ಲರೂ ಸರಿಯಾಗಿ ಒಪ್ಪಿಸುವವರೆಗೆ ಬಿಡಲಿಲ್ಲ.

ಈಗ ಅವರಿಗೆ ಎಪ್ಪತ್ತು ದಾಟಿದೆ, ಮಂಡಿ ಮಾತು ಕೇಳುತ್ತಿಲ್ಲ. ಫಿಸಿಯೋಥೆರಪಿಸ್ಟ್ ಆಗಿರುವ ಗ್ಲೋರಿಯಾ ನಗರದ ಸೌತ್ ಸಿ ಬಡಾವಣೆಯಲ್ಲಿ ಎರಡನೆಯ ಮಹಡಿಯಲ್ಲಿದ್ದಾಳೆ. ಅದೇ ಕಟ್ಟಡದ ನೆಲಮಹಡಿಯ ಫ್ಲ್ಯಾಟು ಮಾರಾಟಕ್ಕೆ ಬಂತು. ಮೆಟ್ಟಿಲಿಲ್ಲದ ಮನೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮಗಳು. ಅದರ ಮಾಲೀಕರು ತಿಂಗಳ ಕೊನೆಯವರೆಗೆ ಮಾತ್ರ ಕಾಯಲು ಒಪ್ಪಿದರು. ಅಷ್ಟರೊಳಗೆ ಪಂಗಾನಿಯ ಮನೆ ಮಾರಾಟವಾಗಬೇಕಿತ್ತು.

ಗಿರಾಕಿ ಸಿಕ್ಕಿದರು. ಜೋಸೆಫ್ ಮುಟುವಾ ಮತ್ತು ಅವನ ಹೆಂಡತಿ ಮರ್ಸಿ. ಬೆಳಗ್ಗೆ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಅಲ್ಲಿ ಶಿಶುವಿಹಾರ ತೆರೆಯುವ ಆಸೆ ಅವರಿಗೆ. ಹಿಂದಿನ ಅಂಗಳದ ಅವಕಾಡೊ ಮರವನ್ನು ಕಂಡ ಮರ್ಸಿ, ಉಯ್ಯಾಲೆಗೆ ಕೊಂಬೆಯನ್ನೂ ಆರಿಸಿಬಿಟ್ಟಿದ್ದಳು.

ತೊಡಕು ಎದುರಾದದ್ದು ಕೊಳ್ಳುವವರ ವಕೀಲೆ ಅಚಿಯೆಂಗ್ ಅವರ ಕಚೇರಿಯಲ್ಲಿ.

"ನಿಮ್ಮ ಗುರುತಿನ ಚೀಟಿ, ಹಕ್ಕುಪತ್ರ, ತೆರಿಗೆ ಕಾಗದ, ಎಲ್ಲ ಸರಿಯಾಗಿವೆ" ಎಂದರು ಅಚಿಯೆಂಗ್.

"ಹಾಗಾದರೆ ಮುಗಿಯಿತಲ್ಲ?"

"ಈ ತಡೆ ಅರ್ಜಿಯಲ್ಲಿ ನೀವೇ ಬರೆದಿದ್ದೀರಿ. ಆಗ ಬಂದ ಹೆಂಗಸಿನ ಕಾಗದಗಳೂ ಸರಿಯಾಗಿದ್ದವು. ಕಾಗದ ತಯಾರಿಸಬಹುದು, ಇಡೀ ಬೀದಿಯನ್ನು ತಯಾರಿಸಲು ಆಗುವುದಿಲ್ಲ. ಅದಕ್ಕೇ ನನ್ನ ಗುಮಾಸ್ತನನ್ನು ಪಂಗಾನಿಗೆ ಕಳಿಸಿದ್ದೆ."

ಗುಮಾಸ್ತ ತಂದ ವರದಿ ಚಿಕ್ಕದು. ಫ್ಲಾವಿಯಾ ಮಿನೇಜಸ್ ಎಂಬವರನ್ನು ಆ ಬೀದಿಯಲ್ಲಿ ಯಾರೂ ಕಂಡಿಲ್ಲ, ಕೇಳಿಲ್ಲ. ಔಷಧದಂಗಡಿಯವನು ಮುಖ ತಿರುಗಿಸಿದ. ಪಕ್ಕದ ಮನೆಯ ಕಾವಲುಗಾರ ಗೋಡೆ ತೋರಿಸಿ, "ಓದಲು ಬರುತ್ತದೋ ಇಲ್ಲವೋ?" ಎಂದ. ಸೊಪ್ಪು ಮಾರುವವಳಂತೂ ಅವನನ್ನು ಬೀದಿಯ ಕೊನೆಯವರೆಗೂ ಬೈದುಕೊಂಡೇ ಅಟ್ಟಿದಳು.

ಮರ್ಸಿ ಗಂಡನ ತೋಳು ಮುಟ್ಟಿದಳು. ಜೋಸೆಫ್ ಫ್ಲಾವಿಯಾ ಅವರ ಮುಖ ನೋಡಲಾಗದೆ ನೆಲ ನೋಡಿದ. ಶುಕ್ರವಾರದೊಳಗೆ ಇದು ತಿಳಿಯಾಗದಿದ್ದರೆ ಬೇರೆ ಮನೆ ಹುಡುಕಿಕೊಳ್ಳುವಂತೆ ತನ್ನ ಕಕ್ಷಿದಾರರಿಗೆ ಸಲಹೆ ಕೊಡಬೇಕಾಗುತ್ತದೆ ಎಂದರು ಅಚಿಯೆಂಗ್.

ಆ ಸಂಜೆ ಸೌತ್ ಸಿಯಲ್ಲಿ ಗ್ಲೋರಿಯಾಳ ಮನೆಗೆ ಎದುರು ಫ್ಲ್ಯಾಟಿನ ಮೈಥಿಲಿ ಬಂದಳು. ಗಂಡನ ಬ್ಯಾಂಕ್ ಕೆಲಸದ ಮೇಲೆ ಬೆಂಗಳೂರಿನಿಂದ ಬಂದಿರುವ ಹುಡುಗಿ.

"ಆಂಟಿ, ಇಷ್ಟು ವರ್ಷದಿಂದ ಇದೀರ, ಒಬ್ರೂ ಗೊತ್ತಿಲ್ಲ ಅಂದ್ಬಿಟ್ರಾ? ಎಂಥಾ ಜನ!"

"ಜನ ಒಳ್ಳೆಯವರೇ. ಹಾಗೆ ಹೇಳ್ಲಿಕ್ಕೆ ಕಲಿಸಿದ್ದು ನಾನು ಮಾರಾಯ್ತಿ."

ಮೈಥಿಲಿ ಬಾಯಿಗೆ ಕೈ ಅಡ್ಡ ಹಿಡಿದಳು. "ನಗ್ಬಾರ್ದು, ಸಾರಿ. ನಮ್ಮೂರಲ್ಲಾದ್ರೆ ಬೆರಳು ಒತ್ತಿದ್ರೆ ನೀವು ಯಾರು ಅಂತ ಮೆಷೀನೇ ಹೇಳುತ್ತೆ."

"ಬೆರಳು ಯಾರದ್ದು ಅಂತ ಹೇಳ್ತದೆ. ಮನೆ ಯಾರದ್ದು ಅಂತ ಹೇಳ್ತದಾ?"

"ಮಮ್ಮಿ, ಯು ಲಾಕ್ಡ್ ಯುವರ್‌ಸೆಲ್ಫ್ ಔಟ್" ಎಂದಳು ಒಳಗಿನಿಂದ ಗ್ಲೋರಿಯಾ.

"ಬೀಗ ಗಟ್ಟಿ ಉಂಟು ಅಂತಾದರೂ ಗೊತ್ತಾಯಿತಲ್ಲ" ಎಂದರು ಫ್ಲಾವಿಯಾ. ಆದರೆ ಮುಂದಿಟ್ಟ ಚಹಾ ಕುಡಿಯಲಿಲ್ಲ.

ಗುರುವಾರ ಅವರು ಮಾಮಾ ವಂಬುಯಿಯ ಮುಂದೆ ಹೋಗಿ ನಿಂತರು. ಅವಳು ಸುಕುಮಾ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದಳು. ಕಂಡೊಡನೆ ಮುಖ ಅರಳಿತು.

"ಮಾಮಾ ಗ್ಲೋರಿಯಾ, ಒಬ್ಬ ಬಂದಿದ್ದ, ಕೈಯಲ್ಲಿ ಫೈಲು, ಕಾಲಲ್ಲಿ ಮಿಂಚುವ ಬೂಟು. ಯಾರೋ ಫ್ಲಾವಿಯಾ ಬೇಕಂತೆ. ಓಡಿಸಿದೆ ನೋಡು!"

"ಅಸಾಂಟೆ, ತುಂಬ ಉಪಕಾರ. ಆ ಫ್ಲಾವಿಯಾ ನಾನೇ."

ಚೂರಿ ನಿಂತಿತು. "ನೀನಾ? ಯಾರಾದರೂ ಹೆದರಿಸಿ ಹೀಗೆ ಹೇಳಿಸುತ್ತಿದ್ದಾರಾ?"

"ಇಲ್ಲ. ಅವನು ನಿಜವಾದ ವಕೀಲರ ಕಡೆಯವನು. ನಾನು ಮನೆ ಮಾರುತ್ತಿದ್ದೇನೆ."

ಮಾಮಾ ವಂಬುಯಿ ಸೊಪ್ಪಿನ ಮೇಲೆ ಬಟ್ಟೆ ಮುಚ್ಚಿದಳು. ಆಮೇಲೆ ಕೇಳಿದಳು, "ನನಗೆ ಹೇಳದೆ?"

ಕಳ್ಳರ ಭಯಕ್ಕೆ ಫ್ಲಾವಿಯಾ ಮನೆಯ ಮಾತನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿದ್ದರು. ಕಳ್ಳರನ್ನು ಓಡಿಸಿದವಳೂ ಆ 'ಯಾರಿಗೂ' ಎಂಬುದರೊಳಗೆ ಸೇರಿಹೋಗಿದ್ದಳು. ಅದನ್ನು ಹೇಳದೆ ಮಂಡಿಯ ವಿಷಯ ಹೇಳಿದರು. ಈಚೆಗೆ ಗೇಟನ್ನು ಎತ್ತಲು ಆಗುತ್ತಿಲ್ಲ, ದಾರಿಯಲ್ಲಿ ಹೋಗುವವರನ್ನು ಕರೆಯಬೇಕಾಗುತ್ತದೆ ಎಂದರು.

"ಅದು ನನಗೆ ಗೊತ್ತಿಲ್ಲವಾ? ದಿನಾ ಕೂತು ನೋಡುವವಳು ನಾನು" ಎಂದಳು ಮಾಮಾ ವಂಬುಯಿ. ಕೈ ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. "ಸವಾ, ಆಯಿತು. ಆ ವಕೀಲರನ್ನೇ ಕರೆಸು. ಬೂಟಿನವನು ಬೇಡ."

ಶುಕ್ರವಾರ ಅಚಿಯೆಂಗ್ ಅವರೇ ಬಂದರು. ಜೋಸೆಫ್, ಮರ್ಸಿ ಬಂದರು. ಗ್ಲೋರಿಯಾ ಅರ್ಧ ದಿನ ರಜೆ ಹಾಕಿ ಬಂದಳು. ಮಾಮಾ ವಂಬುಯಿ ಗೇಟನ್ನು ಎತ್ತಿ, ಸೊಂಟದಿಂದ ತಳ್ಳಿ, ಎಲ್ಲರನ್ನೂ ಒಳಗೆ ಬಿಟ್ಟಳು.

"ಇವರು ನಿನಗೆ ಗೊತ್ತೇನಮ್ಮ?" ಅಚಿಯೆಂಗ್ ಕೇಳಿದರು.

"ಗೊತ್ತು. ಮಾಮಾ ಗ್ಲೋರಿಯಾ."

"ಅವರ ಹೆಸರು?"

"ಮಾಮಾ ಗ್ಲೋರಿಯಾ."

"ಫ್ಲಾವಿಯಾ ಎಂಬ ಹೆಸರು ಕೇಳಿದ್ದೀಯಾ?"

ಹೌದು ಎಂದುಬಿಟ್ಟರೆ ಕೆಲಸ ಮುಗಿಯುತ್ತಿತ್ತು. ಮಾಮಾ ವಂಬುಯಿ ಫ್ಲಾವಿಯಾ ಅವರ ಕಡೆ ಒಮ್ಮೆ ನೋಡಿ, ವಕೀಲೆಯ ಕಡೆ ತಿರುಗಿದಳು. "ನಿನ್ನೆ ಇವಳೇ ಹೇಳಿದಳು. ಅದಕ್ಕೆ ಮೊದಲು ಕೇಳಿಲ್ಲ."

ಮರ್ಸಿಯ ಮುಖ ಬಾಡಿತು. ಅಚಿಯೆಂಗ್ ಮಾತ್ರ ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಪೆನ್ನನ್ನು ತೆರೆದರು. ಬೇಕಾದ ಉತ್ತರವನ್ನು ಬೇಕೆಂದಾಗ ಕೊಡದ ಸಾಕ್ಷಿಯನ್ನು ನಂಬಬಹುದು ಎಂದು ಅವರಿಗೆ ಅನ್ನಿಸಿರಬೇಕು. ಅವರು ಪ್ರಶ್ನೆ ಬದಲಿಸಿದರು.

"ಹೋಗಲಿ, ಗ್ಲೋರಿಯಾ ಯಾರು?"

"ಇವಳು! ಅಲ್ಲಿ ಫೋನ್ ನೋಡುತ್ತ ನಿಂತಿದ್ದಾಳಲ್ಲ."

"ಇವಳು ಅವರ ಮಗಳೇ ಎಂದು ಹೇಗೆ ಹೇಳುತ್ತೀ?"

"ಹೇಗೆ ಅಂದರೆ? ಹೊಟ್ಟೆ ನೋಡಿದ್ದೇನೆ. ನಾನು ನನ್ನ ಮಗು ವಂಬುಯಿಯನ್ನು ಬೆನ್ನಿಗೆ ಕಟ್ಟಿಕೊಂಡು ಇದೇ ಮರದ ಕೆಳಗೆ ಕೂತಿದ್ದೆ. ನೋವು ಬಂದ ದಿನ ಡಾಕ್ಟರ ಕಾರು ಹೊರಡಲಿಲ್ಲ. ಹಲ್ಲಿನ ಡಾಕ್ಟರು, ಹೆರಿಗೆ ಅಂದರೆ ನಡುಗುತ್ತಿದ್ದರು. ಎಲೆಕೋಸಿನ ಪಿಕಪ್ಪು ನಿಲ್ಲಿಸಿ ಇಬ್ಬರನ್ನೂ ಹತ್ತಿಸಿದವಳು ನಾನು. ಇವಳು ಎಲೆಕೋಸಿನ ಮೇಲೆಯೇ ಹುಟ್ಟುತ್ತಾಳೆ ಅಂದುಕೊಂಡಿದ್ದೆ."

"ವಾಟ್ ಕ್ಯಾಬೇಜ್?" ಎಂದು ಗ್ಲೋರಿಯಾ ಫೋನಿನಿಂದ ತಲೆ ಎತ್ತಿದಳು. ಈ ಕಥೆ ಅವಳಿಗೆ ಯಾರೂ ಹೇಳಿರಲಿಲ್ಲ.

ಅಚಿಯೆಂಗ್ ಗ್ಲೋರಿಯಾಳ ಕಡೆ ಕೈ ಚಾಚಿದರು. "ನಿಮ್ಮ ಜನನ ಪ್ರಮಾಣಪತ್ರ ಇದೆಯೇ?"

ಪಾಸ್‌ಪೋರ್ಟಿಗಾಗಿ ತೆಗೆಸಿದ ಪ್ರತಿ ಅವಳ ಫೋನಿನಲ್ಲೇ ಇತ್ತು. ಮೂಲ ಪ್ರತಿ ಸೌತ್ ಸಿಯ ಕಪಾಟಿನಲ್ಲಿ. ತಾಯಿಯ ಹೆಸರಿನ ಮುಂದೆ ಫ್ಲಾವಿಯಾ ಮಿನೇಜಸ್ ಎಂದಿತ್ತು.

"ಮಾಮಾ ಗ್ಲೋರಿಯಾ ಎನ್ನುವುದು ಅಡ್ಡಹೆಸರಲ್ಲ" ಎಂದರು ಅಚಿಯೆಂಗ್, ಜೋಸೆಫನಿಗೆ ವಿವರಿಸುವಂತೆ. "ಅದು ಒಂದು ಹೇಳಿಕೆ. ಇವರು ಗ್ಲೋರಿಯಾಳ ತಾಯಿ ಎಂದು ಇಡೀ ಬೀದಿ ವರ್ಷಗಳಿಂದ ಸಾಕ್ಷಿ ಹೇಳುತ್ತಿದೆ. ಗ್ಲೋರಿಯಾಳ ತಾಯಿ ಯಾರೆಂದು ಸರ್ಕಾರ ಹೇಳುತ್ತಿದೆ. ನನಗೆ ಬೇಕಿದ್ದ ಕೊಂಡಿ ಅದೇ. ಸೋಮವಾರ ಮೂಲ ಪ್ರತಿ ನೋಡುತ್ತೇನೆ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡೋಣ. ಈಕೆ ಸಾಕ್ಷಿ ಹಾಕಲಿ."

ಅಚಿಯೆಂಗ್ ಅಲ್ಲಿಯೇ ಟಿಪ್ಪಣಿ ಬರೆಯತೊಡಗಿದರು. "ಸಾಕ್ಷಿಯ ಹೆಸರು?"

"ಬರೆದುಕೊಳ್ಳಿ" ಎಂದು ಫ್ಲಾವಿಯಾ ಉತ್ಸಾಹದಿಂದ ಶುರು ಮಾಡಿದರು, "ಮಾಮಾ..." ಅಲ್ಲಿಗೇ ನಿಂತರು.

ಮಾಮಾ ವಂಬುಯಿ ನಕ್ಕ ರಭಸಕ್ಕೆ ತಲೆಗೆ ಕಟ್ಟಿದ್ದ ಬಟ್ಟೆ ಜಾರಿತು. "ನನ್ನನ್ನು ಮಾತ್ರ ಬೈಯಬೇಡಿ ವಕೀಲರೇ! ಇಷ್ಟು ವರ್ಷ ನನ್ನ ಟೊಮೆಟೊ ಹಿಚುಕಿದವಳು, ನನ್ನ ಹೆಸರು ಹೇಳಲಿ ನೋಡೋಣ!"

ಟಬಿಥಾ ಮುಥೋನಿ ಎಂದು ಅಚಿಯೆಂಗ್ ಬರೆದುಕೊಂಡರು.

ಅಫಿಡವಿಟ್ಟಿನಲ್ಲಿ ಎರಡು ಹೆಸರುಗಳೂ ಒಂದೇ ಸಾಲಿನಲ್ಲಿ ಬಂದವು. ತಡೆಯನ್ನು ಹಾಕಿಸಿದವರೇ ತೆಗೆಸಿದರು. ತಿಂಗಳು ಮುಗಿಯುವ ಮೊದಲೇ ಸೌತ್ ಸಿಯ ಫ್ಲ್ಯಾಟಿನ ಕರಾರಿಗೆ ಸಹಿ ಬಿತ್ತು. ಪಂಗಾನಿಯಲ್ಲಿ ಜೋಸೆಫ್ ಗೋಡೆಗೆ ಹಳದಿ ಬಣ್ಣ ಬಳಿಸಿದ; ಕೆಂಪು ಅಕ್ಷರಗಳು ಒಂದು ಸಲಕ್ಕೆ ಮುಚ್ಚದೆ ಎರಡನೆಯ ಸಲವೂ ಬಳಿಸಬೇಕಾಯಿತು. ಗೇಟನ್ನು ಅವನು ರಿಪೇರಿ ಮಾಡಿಸಲಿಲ್ಲ. ಪುಟ್ಟ ಮಕ್ಕಳು ತಾವಾಗಿ ತೆರೆದು ರಸ್ತೆಗೆ ಓಡಲಾರರು, ಹೀಗೇ ಇರಲಿ ಎಂದಳು ಮರ್ಸಿ.

ಫ್ಲಾವಿಯಾ ಈಗಲೂ ತರಕಾರಿಗೆ ಪಂಗಾನಿಗೇ ಬರುತ್ತಾರೆ. ಮಟಾಟು ವ್ಯಾನು ಹತ್ತಬೇಡ ಎಂದು ಬೈಯುತ್ತಲೇ ಗ್ಲೋರಿಯಾ ಶನಿವಾರಗಳಂದು ಕಾರಿನಲ್ಲಿ ಕರೆತಂದು ಬಿಡುತ್ತಾಳೆ. ಮೊದಲ ಶನಿವಾರ ಅವರು ಮರದ ಹತ್ತಿರ ಬಂದು, ಸ್ವಲ್ಪ ಹೆಮ್ಮೆಯಿಂದಲೇ "ಟಬಿಥಾ" ಎಂದು ಕರೆದರು. ಅವಳು ತಲೆ ಎತ್ತಲಿಲ್ಲ. ಇನ್ನೊಮ್ಮೆ ಕರೆದರು. ಸೊಪ್ಪು ಹೆಚ್ಚುವುದು ನಿಲ್ಲಲಿಲ್ಲ.

"ಮಾಮಾ ವಂಬುಯಿ!"

"ಓ, ನೀನಾ! ಆಗಿನಿಂದ ಯಾರನ್ನು ಕೂಗುತ್ತಿದ್ದೀ?" ಎಂದಳು ಅವಳು, ಸ್ಟೂಲನ್ನು ಮುಂದಕ್ಕೆ ನೂಕುತ್ತ.

ಫ್ಲಾವಿಯಾ ಕುಳಿತು, ರಾಶಿಯಿಂದ ಒಂದು ಟೊಮೆಟೊ ಎತ್ತಿ ತಿರುಗಿಸಿ ನೋಡತೊಡಗಿದರು.