ಗೇಟಿಗೆ ಅಡ್ಡ ಬಂದ ಡಾಂಬರು

ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ಅಕ್ಕನ ಅಪಾರ್ಟ್‌ಮೆಂಟಿನ ಗೇಟು ಇವತ್ತು ಬೆಳಿಗ್ಗೆ ಒಂದು ಗೇಣು ಹೊರಕ್ಕೆ ತೆರೆದು ಅಲ್ಲಿಯೇ ಕಚ್ಚಿಕೊಂಡಿತು. ರಾತ್ರಿ ಎದುರಿನ ರಸ್ತೆಗೆ ಡಾಂಬರು ಹಾಕಿದವರು ಹಳೆಯದನ್ನು ಕೆರೆದು ತೆಗೆಯುವ ಗೋಜಿಗೇ ಹೋಗಿರಲಿಲ್ಲ. ಅದರ ಮೇಲೆಯೇ ಇನ್ನೊಂದು ಪದರ ಬಳಿದಿದ್ದರಿಂದ ರಸ್ತೆ ಗೇಟಿನ ಬುಡಕ್ಕಿಂತ ಎತ್ತರವಾಗಿತ್ತು. ನನಗೋ ಬೆಂಗಳೂರಿನ ರೈಲು ಹಿಡಿಯಬೇಕು. ನಾವು ಕೂತಿದ್ದ ಭಾವನ ಕಾರಿನ ಹಿಂದೆ ಆಫೀಸಿಗೆ ಹೊರಟವರೆಲ್ಲ ಹಾರ್ನ್ ಹೊಡೆಯುತ್ತಿದ್ದರು.

“ರಿಪೇರಿ ಅಂದ್ರೆ ಮೇಲೆ ಮೇಲೆ ಹುಯ್ಯೋದಾ? ಇವರೇನು ದೋಸೆ ಹಾಕ್ತಿದಾರಾ?” ಎಂದು ಕೂಗಾಡಿದೆ.

“ಪ್ರತಿ ಸಲ ಹೀಗೇ. ಗೇಟನ್ನ ಕೆಳಗಡೆ ಕತ್ತರಿಸಿ ಕತ್ತರಿಸಿ ಸಾಕಾಯ್ತು. ಇನ್ನೂ ಕತ್ತರಿಸಿದ್ರೆ ನಾಯಿಗಳೆಲ್ಲ ಒಳಗೆ ನುಗ್ತವೆ” ಎಂದ ಭಾವ, ಕಾವಲುಗಾರನತ್ತ ತಿರುಗಿ, “ಚಲೋ ಭಯ್ಯಾ, ಶುರು ಕರೋ” ಎಂದರು.

ಅವನು ಹಾರೆ ತಂದು, ಗೇಟು ತಿರುಗುವ ದಾರಿಯುದ್ದಕ್ಕೂ ಹೊಸ ರಸ್ತೆಯನ್ನು ಅಗೆಯತೊಡಗಿದ. ಗಡಿಯಾರ ನೋಡಿಕೊಂಡ ನಾನೂ ಬೈಯುತ್ತಲೇ ಇಳಿದು, ಸಲಿಕೆಯಿಂದ ಡಾಂಬರಿನ ಹೆಂಟೆಗಳನ್ನು ಬದಿಗೆ ಎಳೆದೆ. ಅಂತೂ ಗೇಟು ತೆರೆಯಿತು. ಕಾರು ನಾವು ತೋಡಿದ ಗುಂಡಿಗೇ ಧಡ್ಡನೆ ಇಳಿದು ಮೇಲೆದ್ದಿತು.

“ಇದನ್ನ ಯಾರು ಮುಚ್ತಾರೆ ಭಾವ?”

“ಒಂದು ಮಳೆ ಬರ್ಲಿ. ರಸ್ತೆಯಲ್ಲಿ ಗುಂಡಿ ಬಿದ್ದಿದೆ ಅಂತ ಕಂಪ್ಲೇಂಟ್ ಕೊಟ್ರೆ ಬಂದು ಡಾಂಬರು ಹಾಕ್ತಾರೆ” ಎಂದರು ಭಾವ. ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದರು: “ಈ ಸಲ ಹಾಕಿದ್ದೂ ನನ್ನ ಕಂಪ್ಲೇಂಟಿಗೇ.”